ಜಪಾನಿಗೆ ಹೊರಟ ಇಂಗ್ಲಿಷು ಮೇಷ್ಟರು

ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ಇಬ್ಬರು ತರುಣರು ಬಂದಿದ್ದರು. ಇಬ್ಬರೂ ಈ ಊರಿನವರೇ. ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಇಬ್ಬರೂ ಇಂಗ್ಲಿಷು ಸಾಹಿತ್ಯದಲ್ಲಿ ಎಂ. ಎ. ಪದವಿಯನ್ನು ಪಡೆದವರು. ಅವರಲ್ಲಿ ಒಬ್ಬರಿಗೆ ಜಪಾನಿನ ಒಂದು ಮಧ್ಯಮ ಪ್ರಮಾಣದ ಪಟ್ಟಣದ ಶಾಲೆಗಳಲ್ಲಿ ಇಂಗ್ಲಿಷು ಕಲಿಸುವ ಸಹಾಯಕೋಪಾಧ್ಯಾಯರ ಕೆಲಸವು ದೊರೆತಿದೆ. ಹೊರಡುವ ಮುನ್ನ ಹಿರಿಯರ ಆಶೀರ್ವಾದವನ್ನು ಪಡೆಯುವ ಸಲುವಾಗಿ ಅವರು ಬಂದಿದ್ದರು. ಇನ್ನೊಬ್ಬರು ಗೆಳೆಯನ ಜೊತೆಗೆಂದು ಬಂದವರು. ಅವರೂ ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದರಂತೆ, ದೊರೆಯಲಿಲ್ಲವಂತೆ. ಕಾರಣವೇನೆಂದು ನಾವು ಕೇಳಿದೆವು. "ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ರಾಯರೆ. ಅದಕ್ಕೇ ಆಗಲಿಲ್ಲ" ಎಂದು ಹೇಳಿ ಅವರು ತಲೆತಗ್ಗಿಸಿದರು.

ಆ ತಗ್ಗಿದ ತಲೆಯೇ ಈ ಲೇಖನಕ್ಕೆ ಕಾರಣವಾಯಿತು. ಯಾಕೆಂದರೆ ಅವರಿಬ್ಬರಲ್ಲಿ ಇಂಗ್ಲಿಷು ಭಾಷೆಯನ್ನು ಹೆಚ್ಚು ಬಲ್ಲವರು ಯಾರೆಂಬುದನ್ನು ಈ ಊರಿನವರು ಚೆನ್ನಾಗಿ ಬಲ್ಲರು. ಹೊರಟು ನಿಂತವರೇ ಅದನ್ನು ನಮ್ಮೆದುರಿಗೆ ಸಂಕೋಚವಿಲ್ಲದೆ ಒಪ್ಪಿಕೊಂಡರು. ಅದು ಅವರ ದೊಡ್ಡತನ.

ಮೊದಲು ಆ ನಿಯಮದ ಸ್ವರೂಪವನ್ನು ವಾಚಕರು ತಿಳಿಯಬೇಕು. ಜಪಾನಿನ ಶಾಲೆಗಳಲ್ಲಿ ಪರಭಾಷೆಯೊಂದನ್ನು ಕಲಿಸಲು ಹೋಗುವ ವಿದೇಶೀಯನು ಪದವೀಧರನಾಗಿರಬೇಕು, ಇಲ್ಲವೆ ಉಪಾಧ್ಯಾಯಿಕೆಯ ಅಧಿಕೃತ ಪರವಾನಗಿಯುಳ್ಳವನಾಗಿರಬೇಕು. ಅದೂ ಅಲ್ಲದೆ ತಾನು ಕಲಿಸುವ ಆ ಭಾಷೆಯ ಮೂಲಕವೇ 12 ವರ್ಷಗಳಿಗೆ ಕಡಮೆಯಿಲ್ಲದಂತೆ ವಿದ್ಯಾಭ್ಯಾಸವನ್ನು ಹೊಂದಿರಬೇಕು. ಇದು ಆ ದೇಶದ ವಿದೇಶೀಯರ ಪ್ರವೇಶವಿಧಿಯಲ್ಲಿ ಬರೆದಿಟ್ಟ ಮಾತು. ಅರ್ಜಿದಾರನಿಗೆ ಭಾಷೆ ಎಷ್ಟು ಬರುತ್ತದೆಂಬುದನ್ನು ಈ ವಿಧಿಯು ವಿಚಾರಿಸುವುದಿಲ್ಲ. ಎಷ್ಟು ವರ್ಷ ಯಾವ ಭಾಷೆಯ ಬೆಂಚಿನ ಮೇಲೆ ಕುಳಿತಿದ್ದನೆಂಬುದನ್ನು ಎಣಿಸುತ್ತದೆ. ಆದುದರಿಂದ ಬಾಲ್ಯದಿಂದ ಇಂಗ್ಲಿಷು ಮಾಧ್ಯಮದ ಶಾಲೆಯಲ್ಲಿ ಕುಳಿತವರಿಗೆ ಬಾಗಿಲು ತೆರೆಯಿತು; ಸರಕಾರಿ ಕನ್ನಡ ಶಾಲೆಯಲ್ಲಿ ಕುಳಿತವರಿಗೆ ಮುಚ್ಚಿತು.

ಈ ಸಂಗತಿಯನ್ನು ಕೇಳಿದ ನಮ್ಮ ಊರಿನ ತಾಯಿತಂದೆಗಳು ಏನೆಂದುಕೊಳ್ಳುವರೆಂಬುದನ್ನು ಊಹಿಸುವುದು ಕಷ್ಟವಲ್ಲ. "ನೋಡಿದಿರಾ, ಮಗುವನ್ನು ಮೊದಲ ತರಗತಿಯಿಂದಲೇ ಇಂಗ್ಲಿಷಿಗೆ ಹಾಕದೆ ಇದ್ದರೆ ಜಪಾನು ಸಹ ಒಳಗೆ ಬಿಡುವುದಿಲ್ಲ" ಎಂದು ಅವರು ಹೇಳುವರು. ಮೇಲುನೋಟಕ್ಕೆ ಅದು ನಿಜವೆಂದೇ ತೋರುವುದು. ಆದರೆ ಬಾಗಿಲ ಬಳಿ ನಿಂತವನು ಬಾಗಿಲನ್ನಷ್ಟೇ ನೋಡಿ ಹಿಂದಿರುಗಬಾರದು. ಮನೆಯೊಳಗೆ ಏನು ನಡೆದಿದೆ ಎಂಬುದನ್ನೂ ಇಣಿಕಿ ನೋಡಬೇಕು. ಜಪಾನೀಯರು ಇಂಗ್ಲಿಷು ಮೇಷ್ಟರನ್ನು ಕರೆಸಿಕೊಳ್ಳುತ್ತಿರುವುದು ಇಂದು ನಿನ್ನೆಯ ಮಾತಲ್ಲ. ಆ ಚರಿತ್ರೆಯನ್ನು ನೋಡಿದಲ್ಲಿ ನಮಗೆ ಬೇರೆಯೇ ಒಂದು ಪಾಠವು ದೊರೆಯುತ್ತದೆ.

1890ನೆಯ ಇಸವಿಯ ಆಗಸ್ಟು ತಿಂಗಳ ಕೊನೆಯಲ್ಲಿ ಒಬ್ಬ ಮನುಷ್ಯನು ರಿಕ್ಷಾಗಾಡಿಯಲ್ಲಿ ಬೆಟ್ಟಗಳನ್ನು ದಾಟಿ ಮಾತ್ಸುಯೆ ಎಂಬ ಪಟ್ಟಣವನ್ನು ಸೇರಿದನು. ಅದು ಜಪಾನು ಸಮುದ್ರದ ಕಡೆಯ ಶಿಮಾನೆ ಪ್ರಾಂತದ ಮುಖ್ಯಪಟ್ಟಣ. ಶಿಂಜಿ ಎಂಬ ಸರೋವರದ ದಂಡೆಯಲ್ಲಿದೆ. 1611ರಲ್ಲಿ ಕಟ್ಟಿದ ಕೋಟೆಯ ಕಪ್ಪು ಗೋಪುರವು ಇಂದಿಗೂ ಅಲ್ಲಿ ನಿಂತಿದೆ. ಇಂದು ಸುಮಾರು ಎರಡು ಲಕ್ಷ ಜನರಿರುವ ಊರು. ಬಂದವನ ಹೆಸರು ಲಾಫ್ಕಾಡಿಯೊ ಹರ್ನ್. ತಂದೆ ಐರ್ಲೆಂಡಿನವನು, ತಾಯಿ ಗ್ರೀಕಳು. ಹುಟ್ಟಿದ್ದು 1850ರಲ್ಲಿ, ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ. ಶಾಲೆಯಲ್ಲಿದ್ದಾಗ ಆಟದಲ್ಲಿ ಪೆಟ್ಟು ಬಿದ್ದು ಒಂದು ಕಣ್ಣು ಹೋಗಿತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಕೈಯಲ್ಲಿ ಕಾಸಿಲ್ಲದೆ ಅಮೆರಿಕೆಗೆ ಹೋಗಿ, ಸಿನ್ಸಿನಾಟಿ ಮತ್ತು ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದವನು. ಜಪಾನಿಗೆ ಬಂದುದೂ ಒಂದು ಪತ್ರಿಕೆಗೆ ಬರೆಯುವ ಕರಾರಿನ ಮೇಲೆಯೇ. ಆ ಕರಾರು ಮುರಿದುಬಿದ್ದ ಮೇಲೆ ಉಪಾಧ್ಯಾಯಿಕೆಯನ್ನು ಹುಡುಕಿಕೊಂಡನು. ಮಾತ್ಸುಯೆಯ ಮಾಧ್ಯಮಿಕ ಶಾಲೆ ಮತ್ತು ಉಪಾಧ್ಯಾಯರ ತರಬೇತಿ ಶಾಲೆಗಳಲ್ಲಿ ತಿಂಗಳಿಗೆ 100 ಯೆನ್ ಸಂಬಳದ ಮೇಲೆ ಇಂಗ್ಲಿಷು ಕಲಿಸುವ ಕೆಲಸವು ದೊರೆಯಿತು.

ಹರ್ನನು ಅಲ್ಲಿ ಇದ್ದುದು ಹದಿನೈದು ತಿಂಗಳು ಮಾತ್ರ. ಚಳಿಗಾಲದ ಹಿಮಕ್ಕೆ ಕಾಯಿಲೆ ಬಿದ್ದನು. ಆ ಊರಿನ ಬಡತನಕ್ಕೆ ಬಿದ್ದ ಒಂದು ಸಾಮುರಾಯಿ ಮನೆತನದ ಕೊಯಿಜುಮಿ ಸೆತ್ಸು ಎಂಬ ಹೆಣ್ಣುಮಗಳನ್ನು ಮದುವೆಯಾದನು. ಆಕೆಗೆ ಇಂಗ್ಲಿಷು ಬಾರದು, ಆತನಿಗೆ ಜಪಾನಿ ಭಾಷೆ ಚೆನ್ನಾಗಿ ಬಾರದು; ಇಬ್ಬರೂ ಸೇರಿ ತಮ್ಮದೇ ಒಂದು ಮುರುಕು ಮಾತನ್ನು ಮಾಡಿಕೊಂಡರು. ಆ ಮುರುಕು ಮಾತಿನಲ್ಲಿಯೇ ಆಕೆ ಹೇಳಿದ ಹಳೆಯ ಕಥೆಗಳನ್ನು ಆತನು ಇಂಗ್ಲಿಷಿನಲ್ಲಿ ಬರೆದನು. 1904ರಲ್ಲಿ ಹೊರಬಂದ 'ಕ್ವಾಯ್ದಾನ್' ಎಂಬ ಗ್ರಂಥವು ಲೋಕಪ್ರಸಿದ್ಧವಾಗಿದೆ. 1896ರಲ್ಲಿ ಜಪಾನಿನ ಪ್ರಜೆಯಾಗಿ, ಹೆಂಡತಿಯ ಮನೆತನದ ಹೆಸರನ್ನೇ ತನ್ನದಾಗಿ ಮಾಡಿಕೊಂಡು, ಕೊಯಿಜುಮಿ ಯಾಕುಮೊ ಎನ್ನಿಸಿಕೊಂಡನು. ಮಾತ್ಸುಯೆಯ ಜನರು ಆತನು ಬಾಡಿಗೆಗಿದ್ದ ಮನೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಒಬ್ಬ ಮೇಷ್ಟರನ್ನು ಒಂದು ಊರು ಇಷ್ಟು ಕಾಲ ನೆನಪಿನಲ್ಲಿಡಲು ಕಾರಣವೇನು? ಹರ್ನನು ಮಾತ್ಸುಯೆಯ ಶಾಲೆಯ ವಿಷಯವಾಗಿ ಬರೆದ ಒಂದು ದಿನಚರಿಯಿದೆ. ಯೊಕೊಗಿ ಎಂಬ ವಿದ್ಯಾರ್ಥಿಯೊಬ್ಬನ ಸಂಗತಿಯು ಅದರಲ್ಲಿ ಬರುತ್ತದೆ. ಆ ಹುಡುಗನು ಬಹಳ ಜಾಣ. ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದನು. ತನ್ನ ಶಾಲೆಯನ್ನು ಒಮ್ಮೆ ನೋಡಬೇಕೆಂದು ಹಂಬಲಿಸಿದಾಗ, ಸೇವಕನೊಬ್ಬನು ರಾತ್ರಿಯ ಚಳಿಯಲ್ಲಿ ಅವನನ್ನು ಬೆನ್ನಮೇಲೆ ಹೊತ್ತು ಕತ್ತಲಲ್ಲಿ ನಿಂತಿದ್ದ ಶಾಲೆಯ ಹತ್ತಿರಕ್ಕೆ ಕೊಂಡೊಯ್ದನು. ತನ್ನ ತರಗತಿಯ ಕಿಟಕಿಯನ್ನು ನೋಡಿ ಆ ಮಗುವು ಸಮಾಧಾನ ಹೊಂದಿತು. ಇದನ್ನು ಓದಿದಾಗ, ಆ ಉಪಾಧ್ಯಾಯನು ಕಲಿಸಲಿಕ್ಕೆಂದು ಹೋಗಿ ನೋಡಲಿಕ್ಕೆಂದು ಉಳಿದನೆಂಬುದು ನಮಗೆ ಮನದಟ್ಟಾಗುತ್ತದೆ. ತನ್ನ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಬಲ್ಲ ಮೇಷ್ಟರನ್ನು ಯಾವ ಊರೂ ಮರೆಯುವುದಿಲ್ಲ.

ಈಗ ವಾಚಕರು ಒಂದು ವಿನೋದವನ್ನು ಗಮನಿಸಬೇಕು. ಹರ್ನನಿಗೆ ಯಾವ ವಿಶ್ವವಿದ್ಯಾನಿಲಯದ ಪದವಿಯೂ ಇರಲಿಲ್ಲ. ಉಪಾಧ್ಯಾಯಿಕೆಯ ಪರವಾನಗಿಯೂ ಇರಲಿಲ್ಲ. ಜಪಾನಿನ ಇಂದಿನ ವಿಧಿಯನ್ನು ಆತನಿಗೆ ಅನ್ವಯಿಸಿದಲ್ಲಿ, ಮಾತ್ಸುಯೆಯ ಮಹಾಜನರು ಯಾರ ಮನೆಯನ್ನು ದೇವಾಲಯದಂತೆ ಕಾಪಾಡಿರುವರೋ ಆತನೇ ಬಂದರಿನಿಂದ ಹಿಂದಿರುಗಬೇಕಾಗುತ್ತಿತ್ತು! ನಮ್ಮ ಕನ್ನಡ ಶಾಲೆಯ ತರುಣರು ತಲೆತಗ್ಗಿಸಬೇಕಾದುದಿಲ್ಲ. ಅವರಿಗೆ ಒಳ್ಳೆಯ ಜೊತೆಯೇ ಇದೆ.

ಇರಲಿ. ಹರ್ನನಂಥವರನ್ನು ಜಪಾನು ಕರೆಸಿಕೊಂಡುದು ಯಾವ ಉದ್ದೇಶದಿಂದ? ಮೇಜಿ ಚಕ್ರವರ್ತಿಯ ಕಾಲದ ಆರಂಭದಲ್ಲಿ ಆ ಸರಕಾರವು ದೊಡ್ಡ ದೊಡ್ಡ ಸಂಬಳಗಳನ್ನು ಕೊಟ್ಟು ಪರದೇಶಗಳಿಂದ ಇಂಜಿನಿಯರರನ್ನೂ ವೈದ್ಯರನ್ನೂ ಉಪಾಧ್ಯಾಯರನ್ನೂ ತರಿಸಿತು. ಅದರ ಜೊತೆಗೆ ತನ್ನ ತರುಣರನ್ನು ಯೂರೋಪು ಅಮೆರಿಕೆಗಳಿಗೆ ಕಳುಹಿಸಿತು. ಕಲಿತು ಬಂದವರು ಸಿದ್ಧರಾದಂತೆ ಪರದೇಶೀಯರನ್ನು ಮರ್ಯಾದೆಯಿಂದ ಬೀಳ್ಕೊಟ್ಟಿತು. 1898ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನನ್ನು ಕಂಡು ಬಂದುದು ಈ ಕಾರ್ಯವು ಭರದಿಂದ ಸಾಗಿದ್ದ ಕಾಲದಲ್ಲಿಯೇ.

ಹರ್ನನ ಬಾಳಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಆತನು 1896ರಿಂದ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷು ಸಾಹಿತ್ಯವನ್ನು ಕಲಿಸುತ್ತಿದ್ದನು. 1903ರಲ್ಲಿ ಆತನನ್ನು ಬಿಡಿಸಿ, ಸರಕಾರದ ಖರ್ಚಿನಿಂದ ಲಂಡನ್ನಿಗೆ ಹೋಗಿ ಓದಿ ಬಂದಿದ್ದ ನಾತ್ಸುಮೆ ಸೋಸೆಕಿ ಎಂಬ ಜಪಾನೀಯನನ್ನು ಆ ಕೆಲಸಕ್ಕೆ ನಿಯಮಿಸಿದರು. ವಿದ್ಯಾರ್ಥಿಗಳು ಹರ್ನನಿಗಾಗಿ ಗದ್ದಲವೆಬ್ಬಿಸಿದರು. ಆತನಿಗೂ ಬಹಳ ನೋವಾಯಿತು. ಮುಂದಿನ ವರ್ಷವೇ ತೀರಿಕೊಂಡನು. ಮನುಷ್ಯದೃಷ್ಟಿಯಿಂದ ಇದು ದುಃಖಕರವಾದ ಸಂಗತಿಯೇ. ಆದರೆ ಬಂದ ಸೋಸೆಕಿಯು ಸಾಮಾನ್ಯನಲ್ಲ. ಮಾತ್ಸುಯಾಮ ಮತ್ತು ಕುಮಾಮೊತೊ ಪಟ್ಟಣಗಳಲ್ಲಿ ತಾನೂ ಇಂಗ್ಲಿಷು ಮೇಷ್ಟರಾಗಿದ್ದವನು. ಮಾತ್ಸುಯಾಮದ ಅನುಭವದಿಂದ 1906ರಲ್ಲಿ 'ಬೋತ್ಚಾನ್' ಎಂಬ ಕಾದಂಬರಿಯನ್ನು ಬರೆದನು. ಆಧುನಿಕ ಜಪಾನೀ ಗದ್ಯದ ನಿರ್ಮಾಪಕರಲ್ಲಿ ಒಬ್ಬನೆನಿಸಿದನು. ಇಂಗ್ಲಿಷನ್ನು ಆಳವಾಗಿ ಓದಿದವನೇ ಸ್ವಭಾಷೆಯನ್ನು ಬೆಳಗಿಸಿದನು.

ಆ ಸೋಸೆಕಿಯು 1911ರಲ್ಲಿ ಬರೆದ ಒಂದು ಲೇಖನದ ಅಭಿಪ್ರಾಯವು ನಮಗೆ ಬಹಳ ಮುಖ್ಯವಾದುದು. ಆಗ ಜಪಾನಿನಲ್ಲಿ ವಿದ್ಯಾರ್ಥಿಗಳ ಇಂಗ್ಲಿಷು ಇಳಿದುಹೋಯಿತೆಂಬ ಕೂಗು ಎದ್ದಿತ್ತು. ತನ್ನ ಬಾಲ್ಯದಲ್ಲಿ ಭೂಗೋಳ, ಗಣಿತ ಮೊದಲಾದ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಕಲಿಯಬೇಕಾಗಿದ್ದುದರಿಂದ ಆ ಭಾಷೆ ಚೆನ್ನಾಗಿ ಬರುತ್ತಿತ್ತೆಂದೂ, ಈಗ ಸ್ವಭಾಷೆಯಲ್ಲಿಯೇ ವಿದ್ಯೆ ದೊರೆಯುವುದರಿಂದ ಇಂಗ್ಲಿಷು ಇಳಿಯುವುದು ಸಹಜವೆಂದೂ, ಸ್ವತಂತ್ರ ದೇಶಕ್ಕೆ ಇದೇ ಯೋಗ್ಯವೆಂದೂ ಆತನು ಅಭಿಪ್ರಾಯಪಟ್ಟನು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯುತ್ತಿದ್ದ ಆ ಹಳೆಯ ಸ್ಥಿತಿಯನ್ನು ಆತನು ಯಾವುದಕ್ಕೆ ಹೋಲಿಸಿದನೆಂಬುದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ. ಇಂಗ್ಲೆಂಡಿನ ಅಧೀನದಲ್ಲಿದ್ದ ಹಿಂದೂಸ್ಥಾನಕ್ಕೆ! ಹೀಗಾಗಬಾರದು ಎಂಬುದಕ್ಕೆ ಆತನಿಗೆ ಹೊಳೆದ ದೃಷ್ಟಾಂತವು ನಮ್ಮದೇ ದೇಶ.

ಆ ದಾರಿಯನ್ನು ಜಪಾನು ಯೋಚಿಸಿಯೇ ಆರಿಸಿಕೊಂಡಿತು. 1872ರಲ್ಲಿ ಅಮೆರಿಕೆಯಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದ ಮೋರಿ ಅರಿನೋರಿ ಎಂಬವನು, ತನ್ನ ದೇಶವು ಸರಳಗೊಳಿಸಿದ ಇಂಗ್ಲಿಷನ್ನೇ ಬಳಕೆಗೆ ತಂದುಕೊಂಡರೆ ಹೇಗೆಂದು ಯೇಲ್ ವಿದ್ಯಾಲಯದ ಭಾಷಾಶಾಸ್ತ್ರಜ್ಞ ವಿಟ್ನಿಯವರಿಗೆ ಪತ್ರ ಬರೆದು ಕೇಳಿದನು. ನಮ್ಮ ಸಂಸ್ಕೃತ ವ್ಯಾಕರಣವನ್ನು ಬರೆದು ಪ್ರಸಿದ್ಧರಾದ ಅದೇ ವಿಟ್ನಿಯವರು. ಒಂದು ಜನಾಂಗವನ್ನು ಅದರ ಸ್ವಭಾಷೆಯ ಮೂಲಕವೇ ಮೇಲೆತ್ತಬೇಕೆಂಬುದು ಅವರ ಉತ್ತರದ ಸಾರಾಂಶ. ಮರುವರ್ಷ ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತಾತ್ಸುಯಿ ಎಂಬ ತರುಣನು ಮೋರಿಗೆ ಪ್ರತಿಯಾಗಿ ಜಪಾನೀ ವ್ಯಾಕರಣವೊಂದನ್ನು ಬರೆದು ಪ್ರಕಟಿಸಿದನು. ಇಂಗ್ಲಿಷು ಬಂದರೆ ಬಿಡುವೂ ಹಣವೂ ಉಳ್ಳವರು ಅದನ್ನು ಕಲಿತು ಒಂದು ಜಾತಿಯಾಗುವರು, ದುಡಿಯುವ ಬಡವರು ಇನ್ನೊಂದು ಜಾತಿಯಾಗಿ ಹೊರಗುಳಿಯುವರು ಎಂಬುದು ಅವನ ವಾದ. ನಮ್ಮ ಕಾರ್ಯಾಲಯಕ್ಕೆ ಬಂದಿದ್ದ ಆ ಇಬ್ಬರು ಗೆಳೆಯರನ್ನು ನೆನೆದುಕೊಂಡಾಗ, 1873ರ ಆ ಮಾತು ನಮ್ಮ ಬೀದಿಯನ್ನೇ ನೋಡಿ ಬರೆದಂತಿದೆ.

ಫಲವೇನಾಯಿತೆಂಬುದು ಲೋಕಕ್ಕೆ ಗೊತ್ತಿದೆ. ಜಪಾನಿನಲ್ಲಿ ವೈದ್ಯಶಾಸ್ತ್ರವನ್ನೂ ಯಂತ್ರಶಾಸ್ತ್ರವನ್ನೂ ಜಪಾನೀ ಭಾಷೆಯಲ್ಲಿಯೇ ಓದುವರು. 2008ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮಾಸುಕಾವ ತೋಶಿಹಿದೆಯವರು ಸ್ಟಾಕ್‌ಹೋಮಿನ ಸಭೆಯಲ್ಲಿ ತಮ್ಮ ಉಪನ್ಯಾಸವನ್ನು ಜಪಾನೀ ಭಾಷೆಯಲ್ಲಿಯೇ ಮಾಡಿದರು. ಯಾರೂ ಅವರನ್ನು ಹನ್ನೆರಡು ವರ್ಷದ ಲೆಕ್ಕ ಕೇಳಲಿಲ್ಲ.

ಹಾಗಾದರೆ ಇಂದಿಗೂ ಅವರು ಇಂಗ್ಲಿಷು ಮೇಷ್ಟರನ್ನು ಕರೆಸುವುದೇಕೆ? ಅವರ ಕೊರತೆಯನ್ನೂ ಪಕ್ಷಪಾತವಿಲ್ಲದೆ ಹೇಳಬೇಕು. ಅಲ್ಲಿಯ ಮಕ್ಕಳು ಪರೀಕ್ಷೆಗಾಗಿ ವ್ಯಾಕರಣವನ್ನೂ ಭಾಷಾಂತರವನ್ನೂ ಕಂಠಪಾಠ ಮಾಡುವರು. ಮಾತನಾಡಬೇಕಾಗಿ ಬಂದಾಗ ಬಾಯಿ ಕಟ್ಟುತ್ತದೆ. ಇದನ್ನು ನಿವಾರಿಸುವ ಸಲುವಾಗಿ 1987ರಲ್ಲಿ ಸರಕಾರವೂ ಸ್ಥಳೀಯ ಸಂಸ್ಥೆಗಳೂ ಕೂಡಿ 'ಜೆಟ್' ಎಂಬ ಯೋಜನೆಯನ್ನು ಆರಂಭಿಸಿದವು. ಮೊದಲ ವರ್ಷ ನಾಲ್ಕು ದೇಶಗಳಿಂದ 848 ಜನರು ಬಂದರು. ಈಗ ಹಲವು ದೇಶಗಳಿಂದ ಐದು ಸಾವಿರಕ್ಕೂ ಮಿಕ್ಕಿ ಜನರು ಅದರಲ್ಲಿರುವರು. ಒಬ್ಬನು ಐದು ವರ್ಷಕ್ಕಿಂತ ಹೆಚ್ಚು ಕಾಲ ಇರುವಂತಿಲ್ಲ. 2020ರಿಂದ ಐದು ಮತ್ತು ಆರನೆಯ ತರಗತಿಗಳಲ್ಲಿಯೂ ಇಂಗ್ಲಿಷು ಕ್ರಮಬದ್ಧ ಪಾಠವಾಗಿದೆ. ಆದರೆ ಬಂದ ವಿದೇಶೀಯನು ಸಹಾಯಕನು ಮಾತ್ರ. ತರಗತಿಯ ಯಜಮಾನನು ಜಪಾನೀ ಉಪಾಧ್ಯಾಯನೇ. ಇಂಗ್ಲಿಷೊಂದನ್ನುಳಿದು ಮಿಕ್ಕ ಪಾಠಗಳೆಲ್ಲ ಜಪಾನೀ ಭಾಷೆಯಲ್ಲಿಯೇ. ಅವರು ಇಂಗ್ಲಿಷನ್ನು ಮನೆಗೆ ಅತಿಥಿಯಾಗಿ ಕರೆದಿರುವರು. ಮನೆಯ ಬೀಗದ ಕೈಯನ್ನು ಅದರ ಕೈಗೆ ಕೊಟ್ಟಿಲ್ಲ.

ಹೊರಟು ನಿಂತ ತರುಣರಿಗೆ ಕೆಲವು ವ್ಯಾವಹಾರಿಕ ಮಾತುಗಳನ್ನು ಹೇಳುವುದು ಹಿರಿಯರಾದ ನಮ್ಮ ಕರ್ತವ್ಯ. ಮನೆ ಗೊತ್ತಾದ ಹದಿನಾಲ್ಕು ದಿನಗಳೊಳಗೆ ಪುರಸಭೆಯ ಕಛೇರಿಗೆ ಹೋಗಿ ವಾಸದ ವಿಳಾಸವನ್ನು ದಾಖಲು ಮಾಡಿಸಬೇಕು. ಬಾಡಿಗೆಯ ಮನೆಗೆ ಜಾಮೀನುದಾರರನ್ನು ಕೇಳುವರು. ಮುಂಗಡವಲ್ಲದೆ, ಹಿಂದಿರುಗಿ ಬಾರದ ಕಾಣಿಕೆಯನ್ನು ಮನೆಯ ಯಜಮಾನನಿಗೆ ಸಲ್ಲಿಸುವ ಪದ್ಧತಿಯೂ ಹಲವೆಡೆ ಇದೆ. ಆದುದರಿಂದ ಮೊದಲ ಸಂಬಳ ಬರುವವರೆಗಿನ ಖರ್ಚಿಗೆ ಕೈಯಲ್ಲಿ ಹಣವಿರಬೇಕು. ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಗೊತ್ತಾದ ದಿನವೇ ಹೊರಗಿಡಬೇಕು. ಇದರಲ್ಲಿ ತಪ್ಪಿದರೆ ನೆರೆಹೊರೆಯ ವಿಶ್ವಾಸವು ಹೋಗುತ್ತದೆ. ಸಸ್ಯಾಹಾರಿಗಳು ಎಚ್ಚರದಿಂದಿರಬೇಕು: ತರಕಾರಿಯ ಸಾರೆಂದು ಕೊಟ್ಟುದರಲ್ಲಿಯೂ ಒಣಮೀನಿನ ಕಷಾಯವು ಬೆರೆತಿರುವುದು ಅಲ್ಲಿ ಸಾಮಾನ್ಯ. ಶಾಲೆಯ ಬಾಗಿಲಲ್ಲಿ ಪಾದರಕ್ಷೆಯನ್ನು ಬದಲಿಸಬೇಕು. ಮಕ್ಕಳೇ ಕಸಬರಿಗೆ ಹಿಡಿದು ಶಾಲೆಯನ್ನು ಗುಡಿಸುವುದನ್ನು ಕಂಡಾಗ, ಎಂ. ಎ. ಪದವೀಧರರು ಕೈಕಟ್ಟಿ ನಿಲ್ಲದೆ ತಾವೂ ಒಂದು ಒರೆಸುವ ಬಟ್ಟೆಯನ್ನು ಹಿಡಿಯಲಿ.

ಕರಾರುಪತ್ರವನ್ನು ಮಾತ್ರ ಎರಡು ಸಲ ಓದಿ ರುಜು ಹಾಕಬೇಕು. ಶಿಕ್ಷಣ ಮಂಡಲಿಯೇ ನೇರವಾಗಿ ನೇಮಿಸಿಕೊಳ್ಳುವುದು ಬೇರೆ. ನಡುವೆ ಒಂದು ಕಂಪೆನಿಯು ನಿಂತು ಆಳುಗಳನ್ನು ಒದಗಿಸುವುದು ಬೇರೆ. ಎರಡನೆಯದರಲ್ಲಿ ರಜೆಯ ತಿಂಗಳಿನ ಸಂಬಳವನ್ನು ಕಡಿತ ಮಾಡುವುದೂ ಉಂಟು. ಇಂಗ್ಲಿಷು ಸಂಭಾಷಣೆಯನ್ನು ಕಲಿಸುವ ಖಾಸಗಿ ಸಂಸ್ಥೆಗಳಲ್ಲಿ ಅತಿ ದೊಡ್ಡದಾಗಿದ್ದ 'ನೋವಾ' ಎಂಬುದು 2007ರಲ್ಲಿ ದಿವಾಳಿಯೆದ್ದಾಗ ಸಾವಿರಾರು ವಿದೇಶೀ ಉಪಾಧ್ಯಾಯರು ಸಂಬಳವಿಲ್ಲದೆ ಪರದಾಡಿದರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯು ಫೂಜಿ ಪರ್ವತಕ್ಕೂ ಸಲ್ಲುತ್ತದೆ.

ಇನ್ನು ನಮ್ಮ ಮನೆಯ ವಿಚಾರ. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿಯೇ ಆಗಬೇಕೆಂದು ಸರಕಾರವು ಬಲಾತ್ಕರಿಸುವಂತಿಲ್ಲವೆಂದು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪಿತ್ತಿದೆ. ಆದುದರಿಂದ ಈ ವಿಷಯವು ಈಗ ತಾಯಿತಂದೆಗಳ ವಿವೇಕಕ್ಕೆ ಬಿಟ್ಟುದಾಗಿದೆ. ಅವರಿಗೆ ನಮ್ಮ ಬಿನ್ನಹವಿಷ್ಟೆ. ಜಪಾನಿನ ಹನ್ನೆರಡು ವರ್ಷದ ವಿಧಿಯನ್ನು ತೋರಿಸಿ ಕನ್ನಡ ಶಾಲೆಯ ಬಾಗಿಲಿಗೆ ಬೀಗ ಹಾಕಬೇಡಿರಿ. ಆ ವಿಧಿಯನ್ನು ಮಾಡಿದವರು ತಮ್ಮ ಸ್ವಂತ ಮಕ್ಕಳನ್ನು ಯಾವ ಭಾಷೆಯಲ್ಲಿ ಓದಿಸುತ್ತಿರುವರೆಂಬುದನ್ನು ಮೊದಲು ನೋಡಿರಿ. ಸಾವಿರದಲ್ಲಿ ಒಬ್ಬನಿಗೆ ದೊರೆಯಬಹುದಾದ ನಾಲ್ಕೈದು ವರ್ಷದ ಕೆಲಸಕ್ಕಾಗಿ ಸಾವಿರ ಮಕ್ಕಳ ಬುದ್ಧಿಯನ್ನು ಅರ್ಥವಾಗದ ಭಾಷೆಯಲ್ಲಿ ಕಟ್ಟಿಹಾಕುವುದು ಲಾಭದ ವ್ಯಾಪಾರವಲ್ಲ. ಇಂಗ್ಲಿಷನ್ನು ಕಲಿಸಿರಿ, ಚೆನ್ನಾಗಿಯೇ ಕಲಿಸಿರಿ. ಒಳ್ಳೆಯ ಉಪಾಧ್ಯಾಯನನ್ನಿಟ್ಟು ಒಂದು ಭಾಷೆಯಾಗಿ ಕಲಿಸಿರಿ. ಹಾಗೆ ಕಲಿತವರು ಯಾರಿಗೂ ಕಡಮೆಯಾಗುವುದಿಲ್ಲವೆಂಬುದಕ್ಕೆ ನಮ್ಮ ಮುಂದೆ ತಲೆತಗ್ಗಿಸಿದ ಆ ತರುಣರೇ ಸಾಕ್ಷಿ.

ನಮ್ಮ ಸರಕಾರಕ್ಕೂ ಒಂದು ಮಾತು. ವರ್ಷಗಳನ್ನು ಎಣಿಸುವುದರ ಬದಲು ಯೋಗ್ಯತೆಯನ್ನು ಪರೀಕ್ಷಿಸಿ ಒಪ್ಪಿಕೊಳ್ಳುವಂತೆ ಜಪಾನಿನ ಅಧಿಕಾರಿಗಳೊಡನೆ ವಿನಯದಿಂದ ಪ್ರಸ್ತಾಪಿಸುವುದರಲ್ಲಿ ತಪ್ಪೇನಿದೆ? ತಮ್ಮ ಮನೆಗೆ ಯಾರನ್ನು ಕರೆಯಬೇಕೆಂಬುದು ಅವರ ಹಕ್ಕು, ನಿಜ. ಆದರೆ ಸ್ವಭಾಷೆಯಲ್ಲಿ ಓದಿ ಪರಭಾಷೆಯನ್ನು ಸಾಧಿಸಿದವನ ಕಷ್ಟವು ಜಪಾನೀ ಬಾಲಕನ ಕಷ್ಟವೇ. ಹುಟ್ಟಿನಿಂದ ಈಜು ಬಲ್ಲವನಿಗಿಂತ, ಮುಳುಗಿ ಎದ್ದು ಕಲಿತವನು ಚೆನ್ನಾಗಿ ಕಲಿಸಬಲ್ಲನು. ಈ ಮಾತನ್ನು ಸೋಸೆಕಿಯ ದೇಶದವರು ಒಪ್ಪದೆ ಇರಲಾರರು.

ಹೊರಟವರು ಸುಖವಾಗಿ ಹೋಗಿ ಬರಲಿ. ಬರುವಾಗ ಉಳಿಸಿದ ಯೆನ್ನುಗಳ ಜೊತೆಗೆ ಜಪಾನೀ ಭಾಷೆಯನ್ನೂ ಕಲಿತು ಬರಲಿ. ಅಲ್ಲಿಯ ಒಂದು ಒಳ್ಳೆಯ ಪುಸ್ತಕವನ್ನು, ಇಂಗ್ಲಿಷಿನ ದಲ್ಲಾಳಿತನವಿಲ್ಲದೆ, ನೇರವಾಗಿ ಕನ್ನಡಕ್ಕೆ ತಂದುಕೊಟ್ಟರೆ ಈ ಊರು ಅವರ ಹೆಸರನ್ನು ನೆನಪಿನಲ್ಲಿಡುವುದು. ಉಳಿದವರು ಬರುವ ಜೂನಿನಿಂದ ಇಲ್ಲಿಯ ಸರಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷು ಕಲಿಸುವರೆಂದು ಕೇಳಿ ಸಂತೋಷಪಟ್ಟೆವು. ಆ ಶಾಲೆಗೂ ಕಿಟಕಿಗಳಿವೆ; ಒಳಗೆ ಬಡವರ ಮಕ್ಕಳಿರುವರು. ಮಾತ್ಸುಯೆಯ ಮೇಷ್ಟರು ಮಾಡಿದ ಕೆಲಸವನ್ನು ಮಾಡಲು ಸಮುದ್ರವನ್ನೇ ದಾಟಬೇಕಾದುದಿಲ್ಲ.